ಎಳೆಯ ಕ್ರೀಡಾಪಟುಗಳ ಆಯ್ಕೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಶಾಲಾ ಕ್ರೀಡಾಕೂಟಗಳಲ್ಲಿ ಉದ್ದಜಿಗಿತವನ್ನು ನೋಡಿದ್ದೀರಷ್ಟೆ. ನೆಗೆಯುವ ಕೋನ ಒಂದೇ ಆಗಿದ್ದರೆ, ಕ್ರಮಿಸುವ ದೂರವು ಸುಮಾರಾಗಿ ವೇಗದ ವರ್ಗವನ್ನು ಅನುಸರಿಸುತ್ತದೆ: ವೇಗ ಶೇಕಡಾ 10 ಹೆಚ್ಚಿದರೆ ದೂರ ಶೇಕಡಾ 21 ಹೆಚ್ಚುತ್ತದೆ. ಆ ಹೆಚ್ಚಿನ ವೇಗ ಎಲ್ಲಿಂದ ಬಂತು? ಹುಡುಗರು ಅತಿ ಶೀಘ್ರವಾಗಿ ಬೆಳೆಯುವುದು ಸರಾಸರಿ 14ನೆಯ ವರ್ಷದ ಸುಮಾರಿಗೆ. ಒಬ್ಬನಿಗೆ ಅದು 12ರಲ್ಲೇ ಬರಬಹುದು, ಇನ್ನೊಬ್ಬನಿಗೆ 16ರಲ್ಲಿ. ಗೆಲುವು ಪ್ರತಿಭೆಯದೋ ಬೇಗ ಬಂದ ಬೆಳವಣಿಗೆಯದೋ ಎಂಬುದನ್ನು ಅಳತೆಪಟ್ಟಿ ಹೇಳಲಾರದು. ಆರಿಸುವವರು ಮರುವರ್ಷವೂ ಬಂದು ಅಳೆಯಬೇಕೆಂದು ನನ್ನ ಮತ.

ನೆರೆಯ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರವು 1987ರಲ್ಲಿ ಆರಿಸತೊಡಗಿ, 1993ರಲ್ಲಿ ಆ ಯೋಜನೆಯನ್ನು ನಿಲ್ಲಿಸಿತು. ಆರಂಭದಲ್ಲಿ 10 ವರ್ಷದವನಾಗಿದ್ದ ಹುಡುಗನಿಗೆ ಆಗ 16. ತಡವಾಗಿ ಬೆಳೆಯುವವನಾಗಿದ್ದರೆ ಅವನ ಬೆಳವಣಿಗೆ ಆಗಷ್ಟೇ ವೇಗ ಪಡೆದಿತ್ತು.