ಕಾಫಿಗಿಡದ ಬಾಯಾರಿಕೆ

ಮಾಘಮಾಸ ಕಳೆದು ಬಿಸಿಲು ಬಲಿಯುವ ದಿನಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಫಿ ತೋಟಗಳನ್ನು ಹೊಕ್ಕರೆ, ಎಲೆಗಳು ಬಾಡಿ ಜೋತುಬಿದ್ದಿರುವುದನ್ನು ನಾವು ಕಾಣುತ್ತೇವೆ. ತುಂಗಾಭದ್ರೆಯರು ಹರಿಯುವ ನಾಡಿನಲ್ಲಿ ಗಿಡಗಳೇಕೆ ಹೀಗೆ ಬಾಯಾರಬೇಕು ಎಂದು ಮರುಗುವುದು ಸಹಜ. ಆದರೆ ಮುಂದಿನ ಫಸಲಿಗೆ ಈ ಬಾಯಾರಿಕೆಯೇ ಮೊದಲ ಮೆಟ್ಟಿಲು.

ಮಳೆಗಾಲದ ಕೊನೆಯಲ್ಲಿ ಎಲೆಯ ಕಂಕುಳಲ್ಲಿ ಮೂಡಿದ ಮೊಗ್ಗುಗಳು ಕೆಲವು ಮಿಲಿಮೀಟರುಗಳಷ್ಟು ಬೆಳೆದು ನಿದ್ರಾವಸ್ಥೆಯನ್ನು ಸೇರುತ್ತವೆ. ಕೆಲವು ವಾರ ನೀರಿನ ಕೊರತೆಯನ್ನು ಅನುಭವಿಸಿದ ಮೇಲೆಯೇ ಅವು ಮಳೆಯ ಕರೆಗೆ ಎಚ್ಚರಗೊಳ್ಳುವುವು. ಎಡೆಬಿಡದೆ ನೀರುಂಡ ಗಿಡದಲ್ಲಿ ಮೊಗ್ಗುಗಳು ನಿದ್ರೆಯಲ್ಲಿಯೇ ಉಳಿಯುತ್ತವೆಂಬುದನ್ನು ಬ್ರೆಜಿಲ್ ದೇಶದ ಸಸ್ಯವಿಜ್ಞಾನಿ ಪಾಲೊ ಆಲ್ವಿಮ್ 1960ರಲ್ಲಿ ಪ್ರಕಟಿಸಿದರು. ಒಣಗಿದ ಗಿಡಕ್ಕೆ ಸುಮಾರು 25 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿನ ಹೂಮಳೆ ದೊರೆತರೆ, 8-10 ದಿನಗಳಲ್ಲಿ ತೋಟವೆಲ್ಲವೂ ಬೆಳ್ಳಗೆ ಅರಳುತ್ತದೆ. ಬರಿಯ ತುಂತುರು ಬಿದ್ದರೆ ಅರ್ಧ ಎಚ್ಚೆತ್ತ ಮೊಗ್ಗುಗಳು ಅರಳಲಾರದೆ ಕೆಡುತ್ತವೆ.

ಹೂವು ಅರಳಿತೆಂದರೆ ಕಥೆಯೇ ಬೇರೆ. ಅದುವರೆಗೆ ಉಪಕಾರಿಯಾಗಿದ್ದ ಬಾಯಾರಿಕೆ ಈಗ ಶತ್ರುವಾಗುತ್ತದೆ. ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಬರಬೇಕು. ಬೆಳೆಗಾರರು ಇದನ್ನು ಬ್ಯಾಕಿಂಗ್ ಮಳೆ ಎನ್ನುವರು. ಅದು ತಪ್ಪಿದರೆ ಎಳೆಗಾಯಿಗಳು ಉದುರುತ್ತವೆ. ಮುಂಗಾರಿನಲ್ಲಿ ಕಾಯಿ ಉಬ್ಬುವಾಗ ನೀರು ಸಾಲದಿದ್ದರೆ ಒಳಗಿನ ಬೀಜದ ಕೋಶವು ಕಿರಿದಾಗಿಯೇ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಮಳೆ ಸುರಿದರೂ ಬೀಜ ದಪ್ಪವಾಗದು. ಬೀಜ ತುಂಬುವ ಕಾಲದ ಕೊರತೆಯಿಂದ ಜಳ್ಳು ಹೆಚ್ಚುತ್ತದೆ.

ಬೆಳೆ ಬೇರೆಯಾದರೆ ಈ ಲೆಕ್ಕವೂ ಬೇರೆ. ಧಾರವಾಡ, ಬೆಳಗಾವಿ, ಬೀದರ ಜಿಲ್ಲೆಗಳ ಸೋಯಾಬೀನನ್ನು ನೋಡೋಣ. ಹೂ ಬಿಡಲು ಅದಕ್ಕೆ ಬಾಯಾರಿಕೆ ಬೇಕಿಲ್ಲ. ಎಳೆಯ ಪೈರು ಸ್ವಲ್ಪ ಬಾಡಿದರೂ ಮಳೆ ಬಂದೊಡನೆ ಚೇತರಿಸಿಕೊಳ್ಳಬಲ್ಲದು. ಮೊದಲ ಹೂಗಳು ಉದುರಿದರೂ ಹಿಂದಿನಿಂದ ಬಂದ ಹೂಗಳು ನಷ್ಟವನ್ನು ಕೊಂಚ ತುಂಬುವುವು. ಆದರೆ ಕಾಯಿಯಲ್ಲಿ ಕಾಳು ತುಂಬುವಾಗ ನೀರು ತಪ್ಪಿದರೆ ಆ ನಷ್ಟವನ್ನು ತುಂಬಿಕೊಳ್ಳಲು ಪೈರಿಗೆ ಕಾಲವೇ ಉಳಿದಿರುವುದಿಲ್ಲ.

ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಪ್ರಯೋಗಕ್ಷೇತ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಅದರ ಸುತ್ತಲಿನ ತೋಟಗಳಲ್ಲಿ, ವಿಶೇಷವಾಗಿ ರೊಬಸ್ಟಾ ಕಾಫಿಗೆ, ಮಳೆ ತಡವಾದರೆ ಸ್ಪ್ರಿಂಕ್ಲರಿನಿಂದ ಹೂಮಳೆಯನ್ನು ತರಿಸುವುದುಂಟು. ಹಾಗೆ ಮಾಡುವ ಮುನ್ನ ಬೆಳೆಗಾರನು ತನ್ನ ಕೆರೆಯನ್ನು ನೋಡಿಕೊಳ್ಳಬೇಕು: ಹೂವಿಗೆ ನೀರು ಕೊಟ್ಟ ಬಳಿಕ ಎಳೆಗಾಯಿಗೂ ಕೊಡುವಷ್ಟು ಉಳಿದಿದೆಯೇ? ಎಬ್ಬಿಸಿದ ಮೊಗ್ಗನ್ನು ಮತ್ತೆ ಮಲಗಿಸಲಾಗದು.