ಕಂದಾಯದ ಅಳತೆಯಲ್ಲಿ ಮತ: ತೆಂಗಿನ ಸೀಮೆ ಮತ್ತು ಮೈಸೂರು ಪ್ರಜಾಪ್ರತಿನಿಧಿ ಸಭೆ

ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಭಾರತದ ಮೊದಲ ಜನಸಭೆಯೆಂದು ಕೊಂಡಾಡುವ ರೂಢಿ ನಮ್ಮ ಇತಿಹಾಸಕಾರರಲ್ಲಿ ಬೇರೂರಿದೆ. ಈ ಕೀರ್ತಿಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಸಭೆಗೆ ಮತ ನೀಡುತ್ತಿದ್ದವರು ಯಾರು ಎಂಬುದನ್ನು ಒಂದು ಸೀಮೆಯ ನೆಲದ ಮೇಲೆ ನಿಂತು ನೋಡಿದಾಗ ಚಿತ್ರ ಬೇರೆಯಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ ಇಂತಹ ಪರಿಶೀಲನೆಗೆ ತಕ್ಕ ನೆಲವಾಗಿದೆ.

ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಸರ್ಕಾರಿ ಆಜ್ಞೆಯಿಂದ ಹುಟ್ಟಿದ ಈ ಸಭೆಯ ಮೊದಲ ಅಧಿವೇಶನದಲ್ಲಿ 144 ಸದಸ್ಯರಿದ್ದರು. ಆಗ ಅವರು ಚುನಾಯಿತರಲ್ಲ; ಚುನಾವಣಾ ಕ್ರಮ ಬಂದದ್ದು ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ. ಸಭೆಗೆ ಶಾಸನದ ಆಧಾರ ದೊರೆತದ್ದಾದರೋ 1923ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ಅನುಸರಿಸಿ ಮತದಾರರ ಆಸ್ತಿ ಅರ್ಹತೆಯನ್ನು ಅರ್ಧಕ್ಕೆ ಇಳಿಸಲಾಯಿತು. ಸ್ತ್ರೀಯರೆಂಬ ಕಾರಣಕ್ಕೆ ಮತಾಧಿಕಾರ ನಿರಾಕರಿಸುವ ನಿಬಂಧನೆಯೂ ತೊಲಗಿತು.

ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕಾದ ಸಂಗತಿಯೊಂದಿದೆ. ಅದೇ 1923ರ ಮೇ ತಿಂಗಳಿನಲ್ಲಿ ಬಾಲ್ಟಿಕ್ ತೀರದ ಎಸ್ಟೋನಿಯಾ ತನ್ನ ನೂರು ಸ್ಥಾನಗಳ ಸಂಸತ್ತಿಗೆ ಚುನಾವಣೆ ನಡೆಸಿತು. ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ಕುರಿತು ಫೆಬ್ರವರಿಯಲ್ಲಿ ನಡೆದ ಜನಮತಗಣನೆ ಸಂಸತ್ತಿನ ನಿಲುವಿಗೆ ವಿರುದ್ಧವಾಗಿ ಬಂದುದರಿಂದ, ಸಂವಿಧಾನದಂತೆ ಸಂಸತ್ತೇ ವಿಸರ್ಜನೆಗೊಂಡಿತ್ತು. ಇಪ್ಪತ್ತು ವರ್ಷ ತುಂಬಿದ ಸ್ತ್ರೀ ಪುರುಷರೆಲ್ಲರಿಗೂ ಅಲ್ಲಿ ಮತವಿತ್ತು. ಆ ದೇಶದ ಜನಸಂಖ್ಯೆ ಸುಮಾರು ಹನ್ನೊಂದು ಲಕ್ಷ. ಮೈಸೂರಿನದು ಅರವತ್ತು ಲಕ್ಷದ ಸಮೀಪ.

ಮೈಸೂರಿನಲ್ಲಿ ಮತದ ಹಕ್ಕು ಮುಖ್ಯವಾಗಿ ಕಂದಾಯಕ್ಕೆ ಕಟ್ಟುಬಿದ್ದಿತ್ತು. ಇದರ ಪರಿಣಾಮ ತೆಂಗಿನ ಸೀಮೆಯಲ್ಲಿ ವಿಶಿಷ್ಟವಾದುದು. ಖುಷ್ಕಿಗಿಂತ ಬಾಗಾಯ್ತು ಜಮೀನಿಗೆ ಕಂದಾಯದ ದರ ಹೆಚ್ಚು. ಆದುದರಿಂದ ಕೆರೆಯ ಕೆಳಗೋ ಹಳ್ಳದ ಬದಿಯಲ್ಲೋ ಸಣ್ಣ ತೋಟವುಳ್ಳವನು ಮತದಾರರ ಪಟ್ಟಿಗೆ ಬೇಗನೆ ಏರಬಲ್ಲವನಾಗಿದ್ದ. ಅದಕ್ಕಿಂತ ಎಷ್ಟೋ ವಿಸ್ತಾರವಾದ ರಾಗಿ, ಹುರುಳಿಯ ಹೊಲವುಳ್ಳವನು ಹೊರಗುಳಿಯಬಹುದಾಗಿತ್ತು. ರೈತ ಹೊರಲಾರದ ಹೊರೆಯೆಂದು ದೂರುತ್ತಿದ್ದ ಕಂದಾಯವೇ ಅವನ ರಾಜಕೀಯ ಅಸ್ತಿತ್ವದ ಪ್ರಮಾಣಪತ್ರವೂ ಆಗಿದ್ದುದು ಗಮನಾರ್ಹ. ಕಾಯಿ ಕೀಳುವವರು, ಸುಲಿಯುವವರು, ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಒಡೆದು ಉಂಡೆ ಕೊಬ್ಬರಿ ತೆಗೆಯುವವರು, ಗೇಣಿದಾರರು, ಭೂಮಿಯಿಲ್ಲದ ಅಸ್ಪೃಶ್ಯ ಕುಟುಂಬಗಳು: ಇವರಾರೂ ಈ ಅಳತೆಗೆ ಸಿಕ್ಕುವವರಲ್ಲ. ಸ್ತ್ರೀಯರ ವಿಷಯವೂ ಹೀಗೆಯೇ. ಕಾನೂನು ಬಾಗಿಲು ತೆರೆದರೂ, ಖಾತೆ ಮನೆಯ ಹಿರಿಯ ಗಂಡಸಿನ ಹೆಸರಿನಲ್ಲಿರುವ ಅವಿಭಕ್ತ ಕುಟುಂಬಗಳ ನಾಡಿನಲ್ಲಿ ಆ ಬಾಗಿಲಿನೊಳಗೆ ಕಾಲಿಡಬಲ್ಲವರು ವಿರಳ.

ಪೇಟೆಯ ಪಾತ್ರವನ್ನೂ ಮರೆಯುವಂತಿಲ್ಲ. ಹೊನ್ನವಳ್ಳಿಯಲ್ಲಿದ್ದ ತಾಲ್ಲೂಕು ಕೇಂದ್ರ 1886ರಲ್ಲಿ ತಿಪಟೂರಿಗೆ ಬಂದಿತು. ಬೆಂಗಳೂರು–ಅರಸೀಕೆರೆ ರೈಲುಮಾರ್ಗವೂ ಅಲ್ಲಿಗೇ ಬಂದು, ಕೊಬ್ಬರಿ ವ್ಯಾಪಾರ ಆ ಊರಿನಲ್ಲಿ ನೆಲೆಗೊಂಡಿತು. ಕಳೆದ ಶತಮಾನದ ಆರಂಭದಲ್ಲಿ ತುರುವೇಕೆರೆ ಇನ್ನೂ ತಿಪಟೂರಿಗೆ ಸೇರಿದ ಉಪತಾಲ್ಲೂಕು. ಹೀಗಾಗಿ ತೋಟದ ಒಡೆತನ, ಮಂಡಿಯ ಸಾಲ, ಕಚೇರಿಯ ಸಂಪರ್ಕ ಈ ಮೂರೂ ಉಳ್ಳವರಿಗೆ ಪ್ರಾತಿನಿಧ್ಯದ ದಾರಿ ಸುಗಮವಾಗಿತ್ತೆಂದು ಊಹಿಸುವುದು ತಪ್ಪಾಗಲಾರದು.

ಆರಿಸಿಹೋದ ಪ್ರತಿನಿಧಿಗೆ ಇದ್ದ ಅಧಿಕಾರವೆಷ್ಟು? ದಸರಾ ಮತ್ತು ವರ್ಧಂತಿ ಅಧಿವೇಶನಗಳಲ್ಲಿ ಆತ ಅಹವಾಲು ಮಂಡಿಸಬಹುದಿತ್ತು, ಆಯವ್ಯಯವನ್ನು ಚರ್ಚಿಸಬಹುದಿತ್ತು. ಹೊಸ ತೆರಿಗೆಗೂ ಮಸೂದೆಗಳ ಮೂಲತತ್ತ್ವಕ್ಕೂ ಸಭೆಯ ಅಭಿಪ್ರಾಯ ಪಡೆಯಬೇಕಾಗಿತ್ತು. ಆದರೆ ಅಧ್ಯಕ್ಷಪೀಠದಲ್ಲಿ ಕುಳಿತವರು ದಿವಾನರೇ. ಅವರನ್ನು ಇಳಿಸುವ ಅಧಿಕಾರ ಸಭೆಗಿರಲಿಲ್ಲ. ಎಸ್ಟೋನಿಯಾದಲ್ಲಿ ಸಂಸತ್ತು ಸರ್ಕಾರವನ್ನು ಇಳಿಸಬಲ್ಲುದಾಗಿತ್ತು, ಪದೇ ಪದೇ ಇಳಿಸಿತು ಕೂಡ. ಆ ವ್ಯವಸ್ಥೆ 1934ರಲ್ಲಿ ಪ್ಯಾಟ್ಸ್ ಅವರ ಕ್ಷಿಪ್ರಕ್ರಾಂತಿಯಿಂದ ಮುರಿದುಬಿತ್ತು. ಅಧಿಕಾರವಿಲ್ಲದ ಮೈಸೂರು ಸಭೆ ಅದಕ್ಕಿಂತ ದೀರ್ಘಕಾಲ ಬದುಕಿತು ಎಂಬುದು ಇತಿಹಾಸದ ವ್ಯಂಗ್ಯ.

ಜವಾಬ್ದಾರಿ ಸರ್ಕಾರದ ಬೇಡಿಕೆ 1938ರ ಶಿವಪುರ ಅಧಿವೇಶನದ ನಂತರ ತೀವ್ರಗೊಂಡಿತು. 1940ರ ಶಾಸನ ಸಭೆಯ ಸದಸ್ಯಸಂಖ್ಯೆಯನ್ನು 310ಕ್ಕೆ ಏರಿಸಿದರೂ ಆಡಳಿತವನ್ನು ಸಭೆಗೆ ಹೊಣೆಯಾಗಿಸಲಿಲ್ಲ. 1949ರಲ್ಲಿ ಸಭೆ ಕೊನೆಗೊಂಡಿತು. ಕಂದಾಯದ ರಸೀದಿಯ ಹಂಗಿಲ್ಲದೆ ಈ ಸೀಮೆಯ ಕೂಲಿಕಾರರೂ ಹೆಣ್ಣುಮಕ್ಕಳೂ ಶಾಸನಸಭೆಗೆ ಮತ ಹಾಕಿದ್ದು 1951–52ರ ಮಹಾಚುನಾವಣೆಯಲ್ಲಿ.