ಧರ್ಮದ ಹುರುಳನ್ನು ಅಳೆಯುವವರಾರು?

ಉಡುಪಿಯ ರಥಬೀದಿಯಲ್ಲಿ ಪರ್ಯಾಯೋತ್ಸವವನ್ನು ಕಣ್ತುಂಬ ನೋಡಿದವರಿಗೆ ಆ ವೈಭವದ ವೆಚ್ಚ ನೆನಪಾಗದಿರಬಹುದು. ಆದರೆ ನಮ್ಮ ಸಂವಿಧಾನದ ಧಾರ್ಮಿಕ ಸ್ವಾತಂತ್ರ್ಯದ ವ್ಯಾಖ್ಯಾನಕ್ಕೆ ಅಂತಹ ಒಂದು ವೆಚ್ಚವೇ ಕಾರಣವಾಯಿತು. ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥರ ಎರಡನೆಯ ಪರ್ಯಾಯ ಬಂದುದು 1946ರಲ್ಲಿ. ಅದು ಅಭಾವದ, ಬೆಲೆಯೇರಿಕೆಯ ಕಾಲ. ಮಠದ ಸಾಲ ಲಕ್ಷ ರೂಪಾಯಿಗಳ ಹತ್ತಿರಕ್ಕೆ ಬಂದಿತು. ಮದರಾಸಿನ ಧರ್ಮಾದಾಯ ಮಂಡಲಿ ಆಡಳಿತದಲ್ಲಿ ಕೈಹಾಕಿತು. ಯತಿಗಳು ನ್ಯಾಯಾಲಯದ ಮೊರೆಹೊಕ್ಕರು.

1954ರ ಮಾರ್ಚ್ 16ರಂದು ಸರ್ವೋಚ್ಚ ನ್ಯಾಯಾಲಯದ ಏಳು ಮಂದಿಯ ಪೀಠದ ಪರವಾಗಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ತೀರ್ಪಿತ್ತರು. ಧರ್ಮವೆಂದರೆ ಬರಿಯ ನಂಬಿಕೆಯಲ್ಲ, ಆಚರಣೆಯೂ ಹೌದು. ಅದು ಆಹಾರ, ಉಡುಪುಗಳವರೆಗೂ ಹಬ್ಬಬಹುದು. ಯಾವುದು ಧರ್ಮದ ಮುಖ್ಯಾಂಗವೆಂಬುದನ್ನು ಮೊದಲು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು. ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು; ಆದರೆ ಅಧಿಕಾರಿಗಳಿಗೆ ಎಲ್ಲೆಂದರಲ್ಲಿ ಪ್ರವೇಶ ಕೊಟ್ಟ ವಿಧಿ ನಿಲ್ಲಲಿಲ್ಲ.

ಕಾಪುವಿನಿಂದ ಕರಾವಳಿಯ ದಾರಿ ಹಿಡಿದು ದಕ್ಷಿಣಕ್ಕೆ ನಡೆದರೆ ಮೂಲ್ಕಿ. ಅಲ್ಲಿಯ ವೆಂಕಟರಮಣ ದೇವಾಲಯದ ವ್ಯಾಜ್ಯ 1957ರಲ್ಲಿ ತೀರ್ಮಾನವಾಯಿತು. ಅದು ಗೌಡ ಸಾರಸ್ವತ ಪಂಗಡದ ದೇವಾಲಯವೆಂದು ನ್ಯಾಯಾಲಯ ಒಪ್ಪಿತು. ಆದರೂ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕೆಂದಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಗಡ ತನಗೆ ಮೀಸಲಿಟ್ಟುಕೊಳ್ಳಬಹುದಿತ್ತು. ಇಲ್ಲಿ ತೂಗಿದ್ದು ಪರರಿಗೆ ಆಗುವ ಬಾಧೆಯನ್ನು.

ಆ ಬಳಿಕ ಒರೆಗಲ್ಲು ಬದಲಾಗುತ್ತ ಬಂತು. 1961ರ ಅಜ್ಮೇರ್ ದರ್ಗಾ ಮೊಕದ್ದಮೆಯಲ್ಲಿ, ಮೂಢನಂಬಿಕೆಯಿಂದ ಹುಟ್ಟಿದ ಆಚಾರಗಳು ಧರ್ಮಕ್ಕೆ ಅಂಟಿದ ಅನಗತ್ಯ ಸೇರ್ಪಡೆಯಾಗಿರಬಹುದೆಂಬ ಮಾತು ಬಂತು. ಧರ್ಮವನ್ನೇ ಕೇಳೆಂದ ನ್ಯಾಯಾಲಯವು ತಾನೇ ಭಾಷ್ಯಕಾರನಾಗತೊಡಗಿತು.

ಕಾಲಚಕ್ರ ಉರುಳಿ ಪ್ರಶ್ನೆ ಮತ್ತೆ ಉಡುಪಿಗೇ ಬಂತು. ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಶಿರವಸ್ತ್ರದ ವಿವಾದ ಎದ್ದಿತು. 2022ರ ಮಾರ್ಚ್ 15ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಹಿಜಾಬು ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲವೆಂದಿತು. ಅದೇ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಮತಭೇದವುಂಟಾಯಿತು. ಹೇಮಂತ ಗುಪ್ತರು ಆ ತೀರ್ಪನ್ನು ಎತ್ತಿಹಿಡಿದರು. ಸುಧಾಂಶು ಧುಲಿಯಾ ಅವರು ಅತ್ಯಗತ್ಯತೆಯ ಪ್ರಶ್ನೆಯೇ ಬೇಡವಿತ್ತೆಂದು ಹೇಳಿ, ಹೆಣ್ಣುಮಕ್ಕಳ ವಿದ್ಯೆಯನ್ನು ಮುಂದಿಟ್ಟರು.

ಗ್ರಂಥವನ್ನೇ ಪ್ರಮಾಣವಾಗಿ ಹಿಡಿದರೆ ನಮ್ಮ ನಾಡಿನ ಗತಿಯೇನು? ಕಾರ್ಕಳದ ಬಳಿಯ ಅತ್ತೂರು ಇಗರ್ಜಿಯ ಜಾತ್ರೆಯಲ್ಲಿ ಅನ್ಯಧರ್ಮೀಯರೂ ಮೇಣದಬತ್ತಿ ಹಚ್ಚುತ್ತಾರೆ. ಕಾಪುವಿನಲ್ಲಿ ಸುಗ್ಗಿ ಮಾರಿಪೂಜೆ ನಡೆಯುತ್ತದೆ. ಊರೂರುಗಳಲ್ಲಿ ಭೂತದ ಕೋಲಗಳಾಗುತ್ತವೆ. ಇವನ್ನು ಯಾವ ಶಾಸ್ತ್ರ ವಿಧಿಸಿದೆ? ಶಾಸ್ತ್ರದಲ್ಲಿಲ್ಲವೆಂದು ಇವನ್ನು ಧರ್ಮದಿಂದ ಹೊರಗಿಟ್ಟರೆ, ಉಳಿಯುವುದು ಪಂಡಿತರ ಧರ್ಮವೇ ಹೊರತು ಜನರದಲ್ಲ.

ಒರೆಗಲ್ಲೇ ಇಲ್ಲದಿದ್ದರೆ ಯಾರು ಏನನ್ನಾದರೂ ಧರ್ಮವೆಂದು ಸಾಧಿಸಿಯಾರಲ್ಲವೇ ಎಂಬ ಆಕ್ಷೇಪ ಉಂಟು. ಸಮವಸ್ತ್ರವು ಮಕ್ಕಳಲ್ಲಿ ಸಮಭಾವವನ್ನು ಬೆಳೆಸುತ್ತದೆಂಬ ವಾದವೂ ಹಗುರವಲ್ಲ. ಆದರೆ ಉತ್ತರ ಸಂವಿಧಾನದಲ್ಲಿಯೇ ಇದೆ. 25ನೆಯ ಅನುಚ್ಛೇದವು ಮೊದಲು ಹೇಳುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಅದಕ್ಕೆ ಹಾಕಿದ ಎಲ್ಲೆಗಳು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಇತರ ಮೂಲಭೂತ ಹಕ್ಕುಗಳು. 1986ರಲ್ಲಿ, ರಾಷ್ಟ್ರಗೀತೆಗೆ ಎದ್ದುನಿಂತರೂ ಹಾಡದೆ ಉಳಿದ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೋಡಿದ್ದು ಅವರ ನಂಬಿಕೆ ಪ್ರಾಮಾಣಿಕವೇ ಎಂಬುದನ್ನು. ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳುವಂತೆ ಅದು ಆದೇಶಿಸಿತು.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಎರಡು: ನಂಬಿಕೆ ನಿಜವೇ? ಅದರಿಂದ ಪರರ ಹಕ್ಕಿಗೆ ಚ್ಯುತಿಯುಂಟೇ? ಮೊದಲನೆಯದನ್ನು ಶಿರೂರು ಮಠದ ತೀರ್ಪು ಸೂಚಿಸಿತು, ಎರಡನೆಯದನ್ನು ಮೂಲ್ಕಿಯ ತೀರ್ಪು. ಮಠಾಧಿಪತಿಗೆ ದೊರೆತ ಗೌರವವೇ ಕಾಲೇಜಿನ ಬಾಗಿಲಲ್ಲಿ ನಿಂತ ಹುಡುಗಿಗೂ ದೊರೆಯಬೇಕು. ಅವಳು ಗ್ರಂಥವನ್ನು ಒಪ್ಪಿಸಿ ತನ್ನ ಅಂತಃಸಾಕ್ಷಿಯನ್ನು ರುಜುವಾತುಪಡಿಸಬೇಕಾಗಿಲ್ಲ.